ಗಿಟ್ ಸರ್ವರ್ ಆಗಾಗ ಹ್ಯಾಂಗ್ ಆಗುತ್ತಿದ್ದರೆ: ರಿಸ್ಟಾರ್ಟ್‌ಗೆ ಮುನ್ನ ಮಾಡಬೇಕಾದ ಪತ್ತೆ ಕೆಲಸ

ತಂಡದ ಕೋಡ್ ಮತ್ತು ಅದರ ಇತಿಹಾಸವನ್ನು ಇಡುವ ಗಿಟ್ ಸರ್ವರ್‌ನಲ್ಲಿ ಬೆಳಗಿನಿಂದ ನೂರಾರು ಫೆಚ್‌ಗಳು (ಹೊಸ ಬದಲಾವಣೆಗಳನ್ನು ತರಿಸಿಕೊಳ್ಳುವುದು) ಸಲೀಸಾಗಿ ನಡೆದಿರುತ್ತವೆ. ನಡುವೆ ಯಾರದೋ ಒಂದು ಪುಶ್ (ತಮ್ಮ ಬದಲಾವಣೆಯನ್ನು ಸರ್ವರ್‌ಗೆ ಕಳಿಸುವುದು) ನಿಂತಲ್ಲೇ ನಿಂತುಬಿಡುತ್ತದೆ. ಎರರ್ ಬರುವುದಿಲ್ಲ, ಸರ್ವರ್ ಲಾಗ್‌ನಲ್ಲಿ ಅನುಮಾನ ಬರುವಂಥ ಸಾಲು ಕಾಣುವುದಿಲ್ಲ, ಸಿಪಿಯು ಕೂಡ ತಣ್ಣಗೇ ಇರುತ್ತದೆ. ಕಂಟ್ರೋಲ್-ಸಿ ಒತ್ತಿ ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಡ್ಮಿನ್ ಬಂದು ನೋಡುವಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪೂರ್ತಿ ಕೆಟ್ಟು ನಿಂತ ಸರ್ವರನ್ನು ಸರಿಪಡಿಸುವುದು ಇದಕ್ಕಿಂತ ಎಷ್ಟೋ ಸುಲಭ.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಸರ್ವಿಸ್ ರಿಸ್ಟಾರ್ಟ್ ಕಡೆಗೆ. ದಯವಿಟ್ಟು ಎರಡು ನಿಮಿಷ ತಡೆಯಿರಿ. ಹ್ಯಾಂಗ್ ಆದ ಪ್ರೊಸೆಸ್ ಯಾವುದೋ ಒಂದಕ್ಕಾಗಿ ಕಾಯುತ್ತಿರುತ್ತದೆ: ಒಂದು ಲಾಕ್, ಒಂದು ಡಿಸ್ಕ್ ಬ್ಲಾಕ್, ಇನ್ನೊಂದು ಮೆಷಿನ್‌ನ ಉತ್ತರ, ತಾನೇ ಹುಟ್ಟುಹಾಕಿದ ಮರಿ ಪ್ರೊಸೆಸ್, ಇಲ್ಲವೇ ಕೋರಿಕೆಗಳನ್ನು ನಿಭಾಯಿಸುವ, ಖಾಲಿಯಾಗಬೇಕಾದ ಒಂದು ವರ್ಕರ್. ಅದು ಕಾಯುತ್ತಿರುವಷ್ಟು ಹೊತ್ತು ಸಾಕ್ಷಿ ನಿಮ್ಮ ಕಣ್ಣೆದುರೇ ಇರುತ್ತದೆ. ರಿಸ್ಟಾರ್ಟ್ ಮಾಡಿದಿರೋ, ಸಾಕ್ಷಿ ಅಳಿಸಿಹೋಗಿ ತೊಂದರೆ ಮಾತ್ರ ಉಳಿಯುತ್ತದೆ. ಮುಂದಿನ ವಾರ ಮತ್ತೆ ಮೊದಲಿನಿಂದ ಶುರು.

ಕೆಳಗಿನ ಹೆಜ್ಜೆಗಳು ಲಿನಕ್ಸ್ ಮೇಲೆ ಓಡುವ ಗಿಟ್ ಸರ್ವರನ್ನು ಮನಸ್ಸಿನಲ್ಲಿಟ್ಟು ಬರೆದವು. ಇದೇ ಬಗೆಯ ಬೇರೆ ಸರ್ವರ್‌ಗಳಾದ ಸಬ್‌ವರ್ಶನ್, ಮರ್ಕ್ಯುರಿಯಲ್, ಗೆರಿಟ್ ನಡೆಸುವವರಿಗೂ ಬಹುಪಾಲು ಹೊಂದುತ್ತವೆ. ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಹಂತ 1: ದೂರನ್ನು ಸರಿಯಾಗಿ ಬರೆದುಕೊಳ್ಳಿ

“ಗಿಟ್ ಸ್ಲೋ ಆಗಿದೆ” ಎಂಬ ದೂರಿನಿಂದ ಏನೂ ಸಿಗುವುದಿಲ್ಲ. ದೂರು ಕೊಟ್ಟವರಿಂದ ಇಷ್ಟನ್ನು ಕೇಳಿ ಪಡೆಯಿರಿ: ಸೆಕೆಂಡಿನ ಮಟ್ಟದ ಸಮಯ, ಯಾವ ರೆಪೊ (ಕೋಡ್ ಭಂಡಾರ), ಕ್ಲೋನೋ (ಇಡೀ ರೆಪೊದ ನಕಲು) ಫೆಚ್ಚೋ ಪುಶ್ಶೋ, ಎಸ್‌ಎಸ್‌ಎಚ್ ಮೂಲಕವೋ ಎಚ್‌ಟಿಟಿಪಿಎಸ್ ಮೂಲಕವೋ, ವಿಪಿಎನ್ ಒಳಗಿದ್ದರೋ ಹೊರಗಿದ್ದರೋ, ಎಷ್ಟು ಹೊತ್ತು ನಿಂತಿತ್ತು, ಕೊನೆಗೆ ತಾನಾಗಿ ಮುಂದುವರಿಯಿತೋ, ಎರರ್ ಕೊಟ್ಟಿತೋ, ಅವರೇ ಕೊಂದರೋ. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯ ಮೇಲಿದ್ದ ಕೊನೆಯ ಸಾಲು ಯಾವುದು.

ಈ ಕೊನೆಯ ಸಾಲಿನ ಬೆಲೆ ಎಷ್ಟೆಂದು ಬಹಳ ಜನರಿಗೆ ಗೊತ್ತಿಲ್ಲ. ಪರದೆ ಪೂರ್ತಿ ಖಾಲಿ ಇದ್ದರೆ ಕೆಲಸ ಇನ್ನೂ ಬಾಗಿಲಲ್ಲೇ ಇದೆ: ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವುದು), ಟಿಸಿಪಿ (ಸಂಪರ್ಕ ಕೂಡುವುದು), ಟಿಎಲ್‌ಎಸ್ (ಸಂಪರ್ಕವನ್ನು ಗುಪ್ತಗೊಳಿಸುವುದು), ಲಾಗಿನ್ ಇವುಗಳಲ್ಲಿ ಒಂದು. “ರಿಮೋಟ್: ಕೌಂಟಿಂಗ್ ಆಬ್ಜೆಕ್ಟ್ಸ್” ಅಥವಾ “ರಿಮೋಟ್: ಕಂಪ್ರೆಸಿಂಗ್ ಆಬ್ಜೆಕ್ಟ್ಸ್” ಎಂಬಲ್ಲಿ ನಿಂತಿದ್ದರೆ ಕಳಿಸಬೇಕಾದ ಡೇಟಾವನ್ನು ಒಂದು ಕಟ್ಟಾಗಿ (ಪ್ಯಾಕ್) ಕಟ್ಟುವ ‘ಪ್ಯಾಕ್-ಆಬ್ಜೆಕ್ಟ್ಸ್’ ಸರ್ವರ್‌ನಲ್ಲಿ ದುಡಿಯುತ್ತಿದೆ; ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ನೋಡಬೇಕು. ಅದೇ ಸಾಲಿನ ಮುಂದೆ “ರಿಮೋಟ್” ಎಂಬ ಪದ ಇಲ್ಲದಿದ್ದರೆ ದುಡಿಯುತ್ತಿರುವುದು ಬಳಕೆದಾರರ ಲ್ಯಾಪ್‌ಟಾಪ್, ಸರ್ವರ್ ಅಲ್ಲ. “ರಿಸೀವಿಂಗ್ ಆಬ್ಜೆಕ್ಟ್ಸ್” ನಡುವಿನ ಯಾವುದೋ ಶೇಕಡಾದಲ್ಲಿ ಅಲ್ಲಾಡದೆ ನಿಂತರೆ ನೆಟ್‌ವರ್ಕ್ ಅಥವಾ ನಡುವೆ ಕೂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿ ಮೇಲೆ ಅನುಮಾನ ಪಡಿ. ಪುಶ್‌ನಲ್ಲಿ “ರೈಟಿಂಗ್ ಆಬ್ಜೆಕ್ಟ್ಸ್” ನೂರಕ್ಕೆ ನೂರು ಮುಗಿದು ಆಮೇಲೆ ಮೌನವಾದರೆ ಡೇಟಾ ಸರ್ವರ್ ಕಡೆಗೆ ಹೊರಟಾಗಿದೆ, ಮುಂದಿನದು ಸರ್ವರ್ ಕೈಯಲ್ಲಿದೆ ಎಂದು ಹಿಡಿಯಬಹುದು. ಆಗ ನಾನು ಮೊದಲು ನೋಡುವುದು ಹುಕ್‌ಗಳನ್ನು, ಅಂದರೆ ಪುಶ್ ಬಂದಾಗ ಸರ್ವರ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳನ್ನು.

ಸಿಐ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ) ಜಾಬ್‌ಗಳಿಂದ ಬಂದ ದೂರಾದರೆ ಇನ್ನೊಂದು ಸಾಧ್ಯತೆಯನ್ನು ಮೊದಲೇ ತೆಗೆದುಹಾಕಿ. ಪಾಸ್‌ವರ್ಡ್ ಕೇಳುವ ಪ್ರಾಂಪ್ಟ್ ಯಾರಿಗೂ ಕಾಣದ ಟರ್ಮಿನಲ್‌ನಲ್ಲಿ ಉತ್ತರಕ್ಕಾಗಿ ಕಾದು ಕೂತಿದ್ದರೆ ಅದೂ ಹ್ಯಾಂಗ್‌ನಂತೆಯೇ ಕಾಣುತ್ತದೆ. ‘ಗಿಟ್_ಟರ್ಮಿನಲ್_ಪ್ರಾಂಪ್ಟ್’ ವೇರಿಯಬಲ್‌ಗೆ 0 ಕೊಡಿ, ಎಸ್‌ಎಸ್‌ಎಚ್‌ಗೆ ‘ಬ್ಯಾಚ್‌ಮೋಡ್’ ಹಾಕಿ. ಆಗ ಅದು ಕಾಯುವ ಬದಲು ಎರರ್ ಕೊಟ್ಟು ಹೊರಬರುತ್ತದೆ.

ಹಂತ 2: ಎಷ್ಟು ಹೊತ್ತು ನಿಂತಿತು ಎಂಬುದನ್ನು ಓದಿ

ಈ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹ್ಯಾಂಗ್‌ನ ಅವಧಿ ಪ್ರತಿಸಲ ಒಂದೇ ಅಂಕಿಗೆ ಬರುತ್ತಿದ್ದರೆ ಆ ಅಂಕಿ ಯಾವುದೋ ಒಂದು ಟೈಮ್‌ಔಟ್‌ನ ಬೆಲೆ. ಟೈಮ್‌ಔಟ್ ಯಾರದು ಎಂದು ಗೊತ್ತಾದರೆ ತಪ್ಪಿದ್ದು ಎಲ್ಲಿ ಎಂದೂ ಗೊತ್ತಾಗುತ್ತದೆ.

1, 3, 7 ಸೆಕೆಂಡ್: ಟಿಸಿಪಿ ಸಂಪರ್ಕ ಕೇಳುವ ಮೊದಲ ಪ್ಯಾಕೆಟ್‌ಗೆ ಉತ್ತರ ಬಾರದಿದ್ದರೆ 6.5ಕ್ಕೆ ಮುಂಚಿನ ಲಿನಕ್ಸ್ ಕರ್ನಲ್ 1 ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತದೆ, ಆಮೇಲೆ 2, ಆಮೇಲೆ 4. ಒಟ್ಟು ಕೂಡಿದರೆ 1, 3, 7, 15, 31. ಸಂಪರ್ಕವೇ ಇಷ್ಟು ತಡವಾಗಿ ಕೂಡುತ್ತಿದ್ದರೆ ಪ್ಯಾಕೆಟ್ ದಾರಿಯಲ್ಲಿ ಕಳೆಯುತ್ತಿದೆ ಅಥವಾ ಸರ್ವರ್‌ನ ಲಿಸನ್ ಕ್ಯೂ (ಒಳಬರಲು ಕಾದಿರುವ ಸಂಪರ್ಕಗಳ ಸಾಲು) ತುಂಬಿ ಕರ್ನಲ್ ಸದ್ದಿಲ್ಲದೆ ಕೈಬಿಡುತ್ತಿದೆ. ಕೊನೆವರೆಗೂ ಉತ್ತರ ಸಿಗದಿದ್ದರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸುಮಾರು 127 ಸೆಕೆಂಡ್ ಆದಮೇಲೆ ಸೋಲು.

5 ಅಥವಾ 10 ಸೆಕೆಂಡ್: ಇದು ಬಹುತೇಕ ಡಿಎನ್‌ಎಸ್. ಲಿನಕ್ಸ್ ರಿಸಾಲ್ವರ್ ಒಂದು ನೇಮ್‌ಸರ್ವರ್‌ಗಾಗಿ 5 ಸೆಕೆಂಡ್ ಕಾಯುತ್ತದೆ, ಎರಡು ಸಲ ಪ್ರಯತ್ನಿಸುತ್ತದೆ. ಮೂರು ನೇಮ್‌ಸರ್ವರ್‌ಗಳಲ್ಲಿ ಮೊದಲನೆಯದು ಆಗಾಗ ಸುಮ್ಮನಾಗುತ್ತಿದ್ದರೆ ಸರಿಯಾಗಿ ಈ ಲಕ್ಷಣ ಕಾಣುತ್ತದೆ. ಐಪಿವಿ4 ಮತ್ತು ಐಪಿವಿ6 ವಿಳಾಸಗಳಿಗೆ ಒಟ್ಟಿಗೆ ಹೋಗುವ ಎರಡು ಪ್ರಶ್ನೆಗಳಲ್ಲಿ ಒಂದರ ಉತ್ತರವನ್ನು ಫೈರ್‌ವಾಲ್ ನುಂಗಿದರೂ ಹೀಗೇ ಆಗುತ್ತದೆ. ರಿಸಾಲ್ವರ್ ಕಾನ್ಫಿಗ್‌ನಲ್ಲಿ ‘ಸಿಂಗಲ್-ರಿಕ್ವೆಸ್ಟ್-ರೀಓಪನ್’ ಆಯ್ಕೆ ಇರುವುದು ಅದಕ್ಕಾಗಿಯೇ. ಹುಡುಕಾಟ ಕ್ಲೈಂಟ್ ಕಡೆಯೇ ಆಗಬೇಕೆಂದಿಲ್ಲ. ಬಂದವರ ಐಪಿಯಿಂದ ಹೆಸರು ಹುಡುಕುವ ಸರ್ವರ್ ಕೂಡ ಇಷ್ಟೇ ಹೊತ್ತು ನಿಲ್ಲುತ್ತದೆ. ಓಪನ್‌ಎಸ್‌ಎಸ್‌ಎಚ್ 2015ರ 6.8ನೇ ಆವೃತ್ತಿಯಿಂದ ‘ಯೂಸ್‌ಡಿಎನ್‌ಎಸ್’ ಅನ್ನು ಡೀಫಾಲ್ಟ್ ಆಗಿ ಆಫ್ ಮಾಡಿದೆ, ಆದರೆ ಹಳೆಯ ಕಾನ್ಫಿಗ್ ಫೈಲನ್ನೇ ಸಾಗಿಸಿಕೊಂಡು ಬಂದ ಸರ್ವರ್‌ಗಳಲ್ಲಿ ಅದು ಇನ್ನೂ ಆನ್ ಇರುತ್ತದೆ.

ಕರಾರುವಾಕ್ 60 ಸೆಕೆಂಡ್: ನಡುವಿನ ಪ್ರಾಕ್ಸಿ. ಎನ್‌ಜಿನ್‌ಎಕ್ಸ್‌ನ ‘ಪ್ರಾಕ್ಸಿ_ರೀಡ್_ಟೈಮ್‌ಔಟ್’ ಡೀಫಾಲ್ಟ್ 60, ಅಪಾಚೆ 2.4ರ ‘ಟೈಮ್‌ಔಟ್’ ಕೂಡ 60. ಜೊತೆಗೆ 504 (ಹಿಂದಿನ ಸರ್ವರ್ ಹೊತ್ತಿಗೆ ಉತ್ತರಿಸಲಿಲ್ಲ ಎಂಬ ಎರರ್) ಬಂದರೆ ಅನುಮಾನ ಗಟ್ಟಿ. ಇಲ್ಲಿ ಎಚ್ಚರ ಬೇಕು: ಪ್ರಾಕ್ಸಿ ಬರೀ ಕಾದು ಕೈಬಿಟ್ಟಿದೆ, ಅಸಲಿ ವಿಳಂಬ ಅದರ ಹಿಂದಿನ ಸರ್ವರ್‌ನಲ್ಲಿದೆ. ಟೈಮ್‌ಔಟನ್ನು 600ಕ್ಕೆ ಏರಿಸಿ ಕೈತೊಳೆದುಕೊಂಡರೆ ಒಂದು ನಿಮಿಷದ ಹ್ಯಾಂಗ್ ಹತ್ತು ನಿಮಿಷದ್ದಾಗುತ್ತದೆ, ಅಷ್ಟೇ.

120 ಸೆಕೆಂಡ್ ಆಗಿ ಎಸ್‌ಎಸ್‌ಎಚ್ ಕಡಿದುಹೋದರೆ ‘ಲಾಗಿನ್‌ಗ್ರೇಸ್‌ಟೈಮ್’ ಮುಗಿದಿದೆ, ಅಂದರೆ ಲಾಗಿನ್ ಮುಗಿದೇ ಇರಲಿಲ್ಲ. 600 ಸೆಕೆಂಡ್ ಆದಮೇಲೆ ಮರ್ಕ್ಯುರಿಯಲ್ ಸೋತರೆ ರೆಪೊ ಲಾಕ್‌ಗಾಗಿ ಕಾದು ದಣಿದಿದೆ. ಗಂಟೆಗಟ್ಟಲೆ ನಿಂತೇ ಇದ್ದರೆ ಸಂಪರ್ಕದ ಒಂದು ತುದಿ ಸತ್ತಿದೆ, ಇನ್ನೊಂದು ತುದಿಗೆ ಸುದ್ದಿ ಮುಟ್ಟಿಲ್ಲ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಮೊದಲ ಸಲ ವಿಚಾರಿಸುವುದು 7200 ಸೆಕೆಂಡ್, ಅಂದರೆ ಎರಡು ಗಂಟೆಯ ಮೌನದ ನಂತರ.

ಅವಧಿಗೆ ಯಾವ ಲೆಕ್ಕವೂ ಇಲ್ಲದೆ ಒಮ್ಮೆ 8, ಒಮ್ಮೆ 43, ಒಮ್ಮೆ 21 ಸೆಕೆಂಡ್ ಎಂದು ಬರುತ್ತಿದ್ದರೆ ಟೈಮ್‌ಔಟ್ ಹುಡುಕಬೇಡಿ. ಅದು ಸಾಲಿನಲ್ಲಿ ನಿಂತ ಹೊತ್ತು. ವರ್ಕರ್, ಡಿಸ್ಕ್, ಲಾಕ್ ಇವುಗಳ ಕಡೆ ನಡೆಯಿರಿ.

ಹಂತ 3: ಎರಡು ಕಡೆಯಿಂದ ಸದಾ ತಟ್ಟಿ ನೋಡುವ ವ್ಯವಸ್ಥೆ ಮಾಡಿ

ಬಳಕೆದಾರರು ದೂರು ಕೊಡುವವರೆಗೆ ಕಾದರೆ ಹ್ಯಾಂಗ್ ಮುಗಿದೇ ಹೋಗಿರುತ್ತದೆ. ಬದಲಿಗೆ ಅರ್ಧ ನಿಮಿಷಕ್ಕೊಮ್ಮೆ ‘ಗಿಟ್ ಎಲ್‌ಎಸ್-ರಿಮೋಟ್’ ಓಡಿಸಿ, ಹಿಡಿದ ಸಮಯವನ್ನು ಬರೆದಿಡುವ ಚಿಕ್ಕ ಸ್ಕ್ರಿಪ್ಟ್ ಇಡಿ. ಈ ಕಮಾಂಡ್ ರೆಫ್‌ಗಳ (ಬ್ರಾಂಚ್, ಟ್ಯಾಗ್ ಹೆಸರುಗಳ) ಪಟ್ಟಿಯನ್ನಷ್ಟೇ ತರುತ್ತದೆ, ಪ್ಯಾಕ್ ಕಟ್ಟುವ ಕೆಲಸಕ್ಕೆ ಕೈಹಾಕುವುದಿಲ್ಲ. ಹಾಗಾಗಿ ಇದೇ ನಿಂತರೆ ತೊಂದರೆ ಸಂಪರ್ಕ, ಲಾಗಿನ್, ವರ್ಕರ್ ಅಥವಾ ರೆಫ್ ಓದುವ ಹಂತದಲ್ಲಿದೆ. ಇದು ಸದಾ ಚುರುಕಾಗಿದ್ದು ಕ್ಲೋನ್ ಮಾತ್ರ ನಿಲ್ಲುತ್ತಿದ್ದರೆ ಪ್ಯಾಕ್ ಕಡೆ ನೋಡಿ. ಪುಶ್ ಮಾತ್ರ ನಿಲ್ಲುತ್ತಿದ್ದರೆ ಹುಕ್ ಕಡೆ.

ಸ್ಕ್ರಿಪ್ಟನ್ನು ಕನಿಷ್ಠ ಎರಡು ಜಾಗದಿಂದ ಓಡಿಸಿ: ಸರ್ವರ್ ಮೇಲೆಯೇ ಲೂಪ್‌ಬ್ಯಾಕ್ ವಿಳಾಸಕ್ಕೆ ಒಂದು, ಬಳಕೆದಾರರು ಕೂರುವ ನೆಟ್‌ವರ್ಕ್‌ನಿಂದ ಒಂದು. ಒಳಗಿನದೂ ಅದೇ ಕ್ಷಣಕ್ಕೆ ನಿಂತರೆ ಕೇಬಲ್, ವಿಪಿಎನ್, ಫೈರ್‌ವಾಲ್ ಎಲ್ಲವನ್ನೂ ಒಂದೇ ಏಟಿಗೆ ಪಟ್ಟಿಯಿಂದ ತೆಗೆಯಬಹುದು. ಎಷ್ಟೋ ಸಲ ನೆಟ್‌ವರ್ಕ್ ತಂಡಕ್ಕೂ ಸರ್ವರ್ ತಂಡಕ್ಕೂ ನಡುವೆ ವಾರಗಟ್ಟಲೆ ನಡೆಯುವ ಜಗ್ಗಾಟ ಈ ಒಂದು ಹೋಲಿಕೆಯಿಂದ ನಿಲ್ಲುತ್ತದೆ.

ಎಚ್‌ಟಿಟಿಪಿಎಸ್ ಆದರೆ ‘ಕರ್ಲ್’ ಬಳಸಿ ಸಮಯವನ್ನು ತುಂಡುತುಂಡಾಗಿ ಅಳೆಯಿರಿ. ಹೆಸರು ಹುಡುಕಲು ಎಷ್ಟು, ಟಿಸಿಪಿ ಕೂಡಲು ಎಷ್ಟು, ಟಿಎಲ್‌ಎಸ್ ಮುಗಿಯಲು ಎಷ್ಟು, ಮೊದಲ ಬೈಟ್ ಬರಲು ಎಷ್ಟು ಎಂದು ಅದು ಬೇರೆಬೇರೆಯಾಗಿ ಹೇಳುತ್ತದೆ. ಎಸ್‌ಎಸ್‌ಎಚ್ ಆದರೆ ಮೂರು ‘ವಿ’ ಹಾಕಿ ಎಲ್ಲಿ ನಿಂತಿತೆಂದು ನೋಡಿ. ಗಿಟ್ ಒಳಗಿನ ಮಾತುಕತೆ ಬೇಕಾದರೆ ‘ಗಿಟ್_ಟ್ರೇಸ್_ಪ್ಯಾಕೆಟ್’ ಇದೆ, 2019ರ 2.22ನೇ ಆವೃತ್ತಿಯಿಂದ ಬಂದ ‘ಗಿಟ್_ಟ್ರೇಸ್2_ಪರ್ಫ್’ ಪ್ರತಿ ಹಂತಕ್ಕೆ ಹಿಡಿದ ಸಮಯವನ್ನೂ ಬರೆಯುತ್ತದೆ.

ಲೋಡ್ ಬ್ಯಾಲೆನ್ಸರ್ ಹಿಂದೆ ಹಲವು ಸರ್ವರ್‌ಗಳಿದ್ದರೆ ಪ್ರತಿಯೊಂದನ್ನೂ ಅದರದೇ ಐಪಿಯಿಂದ ತಟ್ಟಿ ನೋಡಿ. ಮೂರರಲ್ಲಿ ಒಂದು ಕೆಟ್ಟಿದ್ದರೆ ಹೊರಗಿನವರಿಗೆ ಅದು “ಆಗಾಗ” ಎಂದು ಕಾಣುತ್ತದೆ, ಅದರ ಪಾಲಿಗೆ ಮಾತ್ರ “ಯಾವಾಗಲೂ”. ಒಂದೇ ಹೆಸರಿಗೆ ಎರಡು ಐಪಿ ಇದ್ದು ಒಂದು ಸತ್ತಿರುವುದು, ಐಪಿವಿ6 ವಿಳಾಸ ಡಿಎನ್‌ಎಸ್‌ನಲ್ಲಿದ್ದು ದಾರಿ ಮಾತ್ರ ಮುಚ್ಚಿರುವುದು ಇವೂ ಇದೇ ಜಾತಿಯವು. ಐಪಿವಿ4 ಮಾತ್ರ, ಐಪಿವಿ6 ಮಾತ್ರ ಎಂದು ಒತ್ತಾಯ ಮಾಡಿ ಒಂದೊಂದು ಸಲ ಪರೀಕ್ಷಿಸಿದರೆ ಬಯಲಾಗುತ್ತದೆ.

ಹಂತ 4: ನಿಂತ ಗಳಿಗೆಯಲ್ಲೇ ಚಿತ್ರ ತೆಗೆಯಿರಿ

ತಟ್ಟುವ ಸ್ಕ್ರಿಪ್ಟ್ 10 ಸೆಕೆಂಡ್ ಮೀರಿದ ಕೂಡಲೇ ಸರ್ವರ್ ಮೇಲೆ ಇನ್ನೊಂದು ಸ್ಕ್ರಿಪ್ಟ್ ಎಚ್ಚರಗೊಳ್ಳಬೇಕು. ಅದು ಒಟ್ಟುಮಾಡಬೇಕಾದ್ದು: ಎಲ್ಲ ಪ್ರೊಸೆಸ್‌ಗಳ ಮರ, ಪ್ರತಿಯೊಂದರ ಸ್ಥಿತಿ ಮತ್ತು ಕರ್ನಲ್‌ನಲ್ಲಿ ಅದು ಮಲಗಿರುವ ಜಾಗ, ‘ಎಸ್‌ಎಸ್’ ಕಮಾಂಡ್ ತೋರುವ ಸಂಪರ್ಕಗಳು, ಮೆಮೊರಿ ಮತ್ತು ಸ್ವಾಪ್, ಡಿಸ್ಕ್‌ನ ಕಾಯುವಿಕೆ, ಕರ್ನಲ್ ಲಾಗ್‌ನ ಕೊನೆಯ ಇನ್ನೂರು ಸಾಲು. 4.20 ಅಥವಾ ಹೊಸ ಕರ್ನಲ್ ಆದರೆ ‘ಪ್ರೊಕ್’ ಅಡಿಯ ‘ಪ್ರೆಶರ್’ ಫೋಲ್ಡರ್‌ನ ಮೂರು ಫೈಲ್‌ಗಳನ್ನೂ ಸೇರಿಸಿ. ಸಿಪಿಯು, ಮೆಮೊರಿ, ಐಒ ಇವುಗಳಿಗಾಗಿ ಕೆಲಸಗಳು ಎಷ್ಟು ಪಾಲು ಹೊತ್ತು ಕಾಯುತ್ತಿವೆ ಎಂದು ಅವು ನೇರವಾಗಿ ಹೇಳುತ್ತವೆ. ಲೋಡ್ ಆವರೇಜ್‌ಗಿಂತ ನೂರು ಪಾಲು ಸ್ಪಷ್ಟ. ಗೆರಿಟ್‌ನಂಥ ಜಾವಾ ಸರ್ವರ್ ಆದರೆ ‘ಜೆಸ್ಟ್ಯಾಕ್’ನಿಂದ ಹತ್ತು ಸೆಕೆಂಡ್ ಅಂತರದಲ್ಲಿ ಮೂರು ಥ್ರೆಡ್ ಡಂಪ್ ತೆಗೆಯಿರಿ. ಮೂರರಲ್ಲೂ ಒಂದೇ ಸಾಲಿನಲ್ಲಿ ನಿಂತಿರುವ ಥ್ರೆಡ್ ನಿಮ್ಮ ಗಿರಾಕಿ. ಡಂಪ್ ತೆಗೆಯಲೇ ಆಗದಷ್ಟು ಹೊತ್ತು ಇಡೀ ಪ್ರೊಸೆಸ್ ಸ್ತಬ್ಧವಾಗಿದ್ದರೆ ಗಾರ್ಬೇಜ್ ಕಲೆಕ್ಷನ್ ಲಾಗ್ ತೆರೆಯಿರಿ.

ಈಗ ಕೈಯಾರೆ ಮಾಡುವ ಭಾಗ. ಒಂದು ಪುಶ್ ನಿಂತಿದೆ ಎಂದುಕೊಳ್ಳಿ. ಪ್ರೊಸೆಸ್ ಮರದಲ್ಲಿ ‘ಎಸ್‌ಎಸ್‌ಎಚ್‌ಡಿ’ ಅಡಿಯಲ್ಲಿ ‘ಗಿಟ್-ರಿಸೀವ್-ಪ್ಯಾಕ್’, ಅದರಡಿ ‘ಪೋಸ್ಟ್-ರಿಸೀವ್’ ಎಂಬ ಶೆಲ್ ಸ್ಕ್ರಿಪ್ಟ್, ಅದರಡಿ ಒಂದು ‘ಕರ್ಲ್’ ಕಾಣುತ್ತದೆ. ಮೇಲಿನಿಂದ ‘ಸ್ಟ್ರೇಸ್’ (ಪ್ರೊಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಉಪಕರಣ) ಹಚ್ಚುತ್ತ ಬನ್ನಿ. ರಿಸೀವ್-ಪ್ಯಾಕ್ ‘ವೇಟ್4’ನಲ್ಲಿ ಕೂತಿದೆ: ಮಗು ಮುಗಿಯಲಿ ಎಂದು ಕಾಯುತ್ತಿದೆ. ಶೆಲ್ ಕೂಡ ‘ವೇಟ್4’ನಲ್ಲೇ ಇದೆ. ಕರ್ಲ್‌ಗೆ ಹಚ್ಚಿದರೆ ‘ಪೋಲ್’ ಎಂದು ಬರುತ್ತದೆ, ಫೈಲ್ ಡಿಸ್ಕ್ರಿಪ್ಟರ್ 5. ಆ ಪ್ರೊಸೆಸ್‌ನ ‘ಎಫ್‌ಡಿ’ ಫೋಲ್ಡರ್‌ನಲ್ಲಿ 5 ಎಂಬುದು ಒಂದು ಸಾಕೆಟ್. ‘ಎಸ್‌ಎಸ್’ನಲ್ಲಿ ಅದೇ ಪ್ರೊಸೆಸ್ ನಂಬರ್ ಹುಡುಕಿದರೆ ಎದುರು ತುದಿಯಲ್ಲಿ ಚಾಟ್‌ಗೆ ಸುದ್ದಿ ಕಳಿಸುವ ಸರ್ವಿಸ್‌ನ 443ನೇ ಪೋರ್ಟ್. ಆ ಚಾಟ್ ಸರ್ವಿಸ್ ತಡವರಿಸಿದಾಗಲೆಲ್ಲ ನಿಮ್ಮ ಪುಶ್ ತಡವರಿಸುತ್ತಿತ್ತು. ಸರಪಳಿಯ ಅತ್ಯಂತ ಕೆಳಗಿನ ಕೊಂಡಿಯವರೆಗೆ ಇಳಿಯಬೇಕು ಎನ್ನುವುದು ಇದಕ್ಕೇ. ಮೇಲಿನ ಪ್ರೊಸೆಸನ್ನಷ್ಟೇ ನೋಡಿದವರು “ರಿಸೀವ್-ಪ್ಯಾಕ್ ಹ್ಯಾಂಗ್ ಆಗಿದೆ” ಎಂದು ಬರೆದು ಗಿಟ್ ಆವೃತ್ತಿ ಬದಲಿಸಲು ಹೊರಡುತ್ತಾರೆ.

ಸ್ಟ್ರೇಸ್ ಹೇಳುವ ಇತರ ಮಾತುಗಳನ್ನು ಹೀಗೆ ಓದಿ. ‘ರೀಡ್’, ಅದೂ ಡಿಸ್ಕ್ರಿಪ್ಟರ್ 0ರ ಮೇಲೆ: ಕ್ಲೈಂಟ್ ಕಡೆಯಿಂದ ಡೇಟಾ ಬರಲಿ ಎಂದು ಕಾಯುತ್ತಿದೆ, ಸರ್ವರ್‌ನ ತಪ್ಪಿಲ್ಲ. ‘ರೈಟ್’: ಎದುರಿನವರು ತೆಗೆದುಕೊಳ್ಳುತ್ತಿಲ್ಲ, ‘ಎಸ್‌ಎಸ್’ನಲ್ಲಿ ಸೆಂಡ್-ಕ್ಯೂ ತುಂಬಿರುವುದು ಕಾಣುತ್ತದೆ. ‘ಫ್ಯೂಟೆಕ್ಸ್’: ಅದೇ ಪ್ರೊಸೆಸ್‌ನ ಇನ್ನೊಂದು ಥ್ರೆಡ್ ಬಿಡಬೇಕಾದ ಲಾಕ್. ‘ಎಫ್‌ಸಿಎನ್‌ಟಿಎಲ್’ ಅಥವಾ ‘ಫ್ಲಾಕ್’: ಫೈಲ್ ಲಾಕ್. ಸ್ಟ್ರೇಸ್ ಏನನ್ನೂ ಹೇಳದೆ ಪ್ರೊಸೆಸ್ ಸ್ಥಿತಿ ‘ಡಿ’ ಎಂದಿದ್ದರೆ ಅದು ಕರ್ನಲ್ ಒಳಗೆ, ಬಹುತೇಕ ಡಿಸ್ಕ್ ಅಥವಾ ಎನ್‌ಎಫ್‌ಎಸ್‌ಗಾಗಿ (ನೆಟ್‌ವರ್ಕ್ ಮೂಲಕ ಬಳಸುವ ಫೈಲ್‌ಸಿಸ್ಟಮ್) ಕಾಯುತ್ತಿದೆ; ‘ಕಿಲ್ -9’ಗೂ ಮಣಿಯದಿರಬಹುದು. ರೂಟ್ ಆಗಿ ‘ಪ್ರೊಕ್’ನಲ್ಲಿ ಅದರ ‘ಸ್ಟ್ಯಾಕ್’ ಫೈಲ್ ಓದಿದರೆ ಯಾವ ಫೈಲ್‌ಸಿಸ್ಟಮ್ ಎಂದು ತಿಳಿಯುತ್ತದೆ.

ರಿಸ್ಟಾರ್ಟ್ ಮಾಡಲೇಬೇಕಾದ ತುರ್ತು ಬಂದರೆ ಮಾಡಿ, ಜನರ ಕೆಲಸ ದೊಡ್ಡದು. ಈ ಚಿತ್ರ ತೆಗೆದ ಮೇಲೆ ಮಾಡಿ.

ಹಂತ 5: ಸಿಕ್ಕಿಬೀಳುವ ಸಾಮಾನ್ಯ ಕಾರಣಗಳು ಮತ್ತು ಪರಿಹಾರ

ಹುಕ್‌ಗಳು. ‘ಪ್ರೀ-ರಿಸೀವ್’ ಮುಗಿಯುವವರೆಗೆ ಪುಶ್ ಕಾಯುವುದು ನ್ಯಾಯ. ಅದರ ಕೆಲಸವೇ ಒಪ್ಪುವುದೋ ತಿರಸ್ಕರಿಸುವುದೋ ಎಂದು ಹೇಳುವುದು. ಆದರೆ ‘ಪೋಸ್ಟ್-ರಿಸೀವ್’ ಮುಗಿಯುವವರೆಗೂ ಕ್ಲೈಂಟ್ ಕಾಯುತ್ತದೆ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಇನ್ನೂ ಸೂಕ್ಷ್ಮವಾದದ್ದೊಂದಿದೆ. ಕೆಲಸವನ್ನು ಹಿನ್ನೆಲೆಗೆ ತಳ್ಳೋಣ ಎಂದು ಕಮಾಂಡಿನ ಕೊನೆಗೆ ‘&’ ಹಾಕುತ್ತಾರೆ, ಹುಕ್ ತಕ್ಷಣ ಮುಗಿಯುತ್ತದೆ, ಆದರೂ ಪುಶ್ ನಿಂತೇ ಇರುತ್ತದೆ. ಹಿನ್ನೆಲೆಗೆ ಹೋದ ಪ್ರೊಸೆಸ್ ಹುಕ್‌ನ ಔಟ್‌ಪುಟ್ ಮತ್ತು ಎರರ್ ಪೈಪ್‌ಗಳನ್ನು ಇನ್ನೂ ಹಿಡಿದುಕೊಂಡಿರುವುದೇ ಕಾರಣ. ಆ ಪೈಪ್ ಮುಚ್ಚುವವರೆಗೆ ಗಿಟ್ ಓದುತ್ತಲೇ ಇರುತ್ತದೆ. ಪರಿಹಾರ ಸರಳ: ಇನ್‌ಪುಟ್, ಔಟ್‌ಪುಟ್, ಎರರ್ ಮೂರನ್ನೂ ‘ಡೆವ್/ನಲ್’ಗೋ ಲಾಗ್ ಫೈಲ್‌ಗೋ ತಿರುಗಿಸಿ ಆಮೇಲೆ ಹಿನ್ನೆಲೆಗೆ ಕಳಿಸಿ. ಸಬ್‌ವರ್ಶನ್‌ನ ‘ಪೋಸ್ಟ್-ಕಮಿಟ್’ಗೂ ಇದೇ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಹುಕ್ ಒಂದು ಕ್ಯೂ ಫೋಲ್ಡರ್‌ನಲ್ಲಿ ಚೀಟಿ ಹಾಕಿ ಹೊರಬರಲಿ, ಉಳಿದದ್ದನ್ನು ಬೇರೊಂದು ಸರ್ವಿಸ್ ನೋಡಿಕೊಳ್ಳಲಿ. ಹುಕ್‌ನೊಳಗಿಂದ ಹೊರಗಿನ ಸರ್ವರನ್ನು ಕರೆಯಲೇಬೇಕಾದರೆ ಸಂಪರ್ಕಕ್ಕೂ ಒಟ್ಟು ಸಮಯಕ್ಕೂ ಗಡುವು ಹಾಕಿ; ಕರ್ಲ್ ತಾನಾಗಿ ಒಟ್ಟು ಸಮಯಕ್ಕೆ ಗಡುವು ಹಾಕಿಕೊಳ್ಳುವುದಿಲ್ಲ.

ವರ್ಕರ್‌ಗಳು ಮುಗಿದುಹೋಗುವುದು. ನಿಧಾನ ಲೈನ್‌ನಲ್ಲಿ ದೊಡ್ಡ ಕ್ಲೋನ್ ತೆಗೆಯುವ ಹತ್ತಿಪ್ಪತ್ತು ಜನ ಎಲ್ಲ ವರ್ಕರ್‌ಗಳನ್ನು ಹಿಡಿದು ಕೂತರೆ ಮುಂದೆ ಬಂದವರೆಲ್ಲ ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಸಿಪಿಯು ಖಾಲಿ, ಡಿಸ್ಕ್ ಖಾಲಿ, ಆದರೂ ಯಾರಿಗೂ ಉತ್ತರವಿಲ್ಲ. ಅಪಾಚೆ ಎರರ್ ಲಾಗ್‌ನಲ್ಲಿ ‘ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್’ ಮಿತಿ ಮುಟ್ಟಿದ ಸಾಲು ಹುಡುಕಿ. ‘ಎಸ್‌ಎಸ್’ನಲ್ಲಿ ಲಿಸನ್ ಸ್ಥಿತಿಯ ಸಾಕೆಟ್‌ಗಳನ್ನು ನೋಡಿದರೆ ರಿಸೀವ್-ಕ್ಯೂ ಎಂಬುದು ಈಗ ಒಳಬರಲು ಕಾದಿರುವವರ ಸಂಖ್ಯೆ, ಸೆಂಡ್-ಕ್ಯೂ ಎಂಬುದು ಗರಿಷ್ಠ ಮಿತಿ. ಎರಡೂ ಹತ್ತಿರ ಬಂದಿದ್ದರೆ ಹಂತ 2ರ 1-3-7 ಲಕ್ಷಣ ಎಲ್ಲಿಂದ ಬಂತೆಂದು ಗೊತ್ತಾಯಿತು. ‘ಎನ್‌ಸ್ಟ್ಯಾಟ್’ನಲ್ಲಿ ಲಿಸನ್-ಓವರ್‌ಫ್ಲೋ ಎಣಿಕೆ ಏರುತ್ತಿದೆಯೇ ಎಂದೂ ನೋಡಿ. ಕರ್ನಲ್‌ನ ‘ಸೊಮ್ಯಾಕ್ಸ್‌ಕಾನ್’ 5.4ಕ್ಕೆ ಮುಂಚೆ 128 ಇತ್ತು, ಆಮೇಲೆ 4096. ಗೆರಿಟ್‌ನಲ್ಲಿ ‘ಶೋ-ಕ್ಯೂ’, ಪರ್ಫೋರ್ಸ್‌ನಲ್ಲಿ ‘ಪಿ4 ಮಾನಿಟರ್ ಶೋ’ ಇದೇ ಚಿತ್ರ ಕೊಡುತ್ತವೆ. ವರ್ಕರ್ ಸಂಖ್ಯೆ ಏರಿಸುವ ಮುನ್ನ ಮೆಮೊರಿ ಲೆಕ್ಕ ಹಾಕಿ. ಪ್ರತಿ ಕ್ಲೋನ್‌ಗೂ ಒಂದು ಪ್ಯಾಕ್-ಆಬ್ಜೆಕ್ಟ್ಸ್ ಹುಟ್ಟುತ್ತದೆ. ದೊಡ್ಡ ರೆಪೊ ಆದರೆ ಅದು ಗಿಗಾಬೈಟ್‌ಗಳನ್ನು ಬೇಡಬಹುದು, ಸರ್ವರ್ ಸ್ವಾಪ್‌ಗೆ ಇಳಿದರೆ ಹ್ಯಾಂಗ್ ಇನ್ನಷ್ಟು ಹೆಚ್ಚುತ್ತದೆ.

ಎಸ್‌ಎಸ್‌ಎಚ್‌ನಲ್ಲಿ ಇದರ ರೂಪ ಸ್ವಲ್ಪ ಬೇರೆ. ‘ಮ್ಯಾಕ್ಸ್‌ಸ್ಟಾರ್ಟಪ್ಸ್’ ಡೀಫಾಲ್ಟ್ 10:30:100. ಲಾಗಿನ್ ಮುಗಿಯದ ಸಂಪರ್ಕಗಳು 10 ಮುಟ್ಟಿದರೆ ಹೊಸಬರಲ್ಲಿ ಶೇಕಡಾ 30ರಷ್ಟನ್ನು ಕೈಬಿಡಲು ಶುರುಮಾಡುತ್ತದೆ, 100ಕ್ಕೆ ಎಲ್ಲರನ್ನೂ. ಕ್ಲೈಂಟ್‌ಗೆ ಎರರ್ ಬರುತ್ತದೆ, ಆದರೆ ಸಿಐ ಉಪಕರಣ ಸದ್ದಿಲ್ಲದೆ ಮತ್ತೆಮತ್ತೆ ಪ್ರಯತ್ನಿಸುತ್ತಿದ್ದರೆ ನೋಡುವವರಿಗೆ ಹ್ಯಾಂಗ್ ಎಂದೇ ಕಾಣುತ್ತದೆ. ಲಾಗಿನ್ ನಿಧಾನವಾದಷ್ಟೂ ಈ ಸಾಲು ಬೆಳೆಯುತ್ತದೆ. ಹಾಗಾಗಿ ಮೊದಲು ಎಲ್‌ಡಿಎಪಿ ಅಥವಾ ಬೇರೆ ಲಾಗಿನ್ ಸರ್ವರ್‌ನ ಉತ್ತರದ ವೇಗ ಅಳೆಯಿರಿ, ಅದರ ಸಂಪರ್ಕಕ್ಕೆ ಚಿಕ್ಕ ಗಡುವು ಕೊಡಿ, ಸಾಧ್ಯವಾದರೆ ಉತ್ತರಗಳನ್ನು ಕ್ಯಾಶ್ ಮಾಡಿ.

ಗಂಟೆ ಹೊಡೆದಂತೆ ಬರುವ ದಟ್ಟಣೆ. ಹ್ಯಾಂಗ್ ಆದ ಸಮಯಗಳನ್ನು ನಿಮಿಷದ ಪ್ರಕಾರ ಜೋಡಿಸಿ ನೋಡಿ. ಎಲ್ಲ 00, 15, 30, 45ರ ಅಕ್ಕಪಕ್ಕ ಇದ್ದರೆ ಕ್ರಾನ್ ಜಾಬ್‌ಗಳು (ನಿಗದಿತ ಸಮಯಕ್ಕೆ ತಾವಾಗಿ ಓಡುವ ಕೆಲಸಗಳು) ಒಟ್ಟಿಗೆ ನುಗ್ಗುತ್ತಿವೆ. ಜೆಂಕಿನ್ಸ್‌ನಲ್ಲಿ ನಿಮಿಷದ ಜಾಗದಲ್ಲಿ ‘ಎಚ್’ ಅಕ್ಷರ ಬರೆದರೆ ಜಾಬ್‌ಗಳು ತಾವಾಗಿ ಹಂಚಿಕೊಳ್ಳುತ್ತವೆ. ಇನ್ನೂ ಒಳ್ಳೆಯದೆಂದರೆ ಪದೇಪದೇ ಕೇಳುವುದನ್ನು ಬಿಟ್ಟು, ಪುಶ್ ಆದಾಗ ಸರ್ವರ್ ಕಡೆಯಿಂದಲೇ ಸುದ್ದಿ ಕಳಿಸುವುದು.

ರೆಪೊ ಸ್ಥಿತಿ. ‘ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿ’ ಓಡಿಸಿ. ಬಿಡಿ ಆಬ್ಜೆಕ್ಟ್‌ಗಳು ಸಾವಿರಗಟ್ಟಲೆ, ಪ್ಯಾಕ್‌ಗಳು ನೂರಾರು ಇದ್ದರೆ ಪ್ರತಿ ಫೆಚ್ ಅವುಗಳನ್ನೆಲ್ಲ ತಡಕಾಡಬೇಕು. ಗಿಟ್ ತಾನಾಗಿ ಗುಡಿಸುವುದು ಬಿಡಿ ಆಬ್ಜೆಕ್ಟ್‌ಗಳು 6700 ಅಥವಾ ಪ್ಯಾಕ್‌ಗಳು 50 ದಾಟಿದಾಗ, ಮತ್ತು ಅದು ಶುರುವಾಗುವುದು ಯಾರದೋ ಪುಶ್‌ನ ಬಾಲದಲ್ಲಿ. ದೊಡ್ಡ ಸರ್ವರ್‌ನಲ್ಲಿ ‘ರಿಸೀವ್.ಆಟೊಜಿಸಿ’ ಆಫ್ ಮಾಡಿ, ದಟ್ಟಣೆ ಇಲ್ಲದ ಹೊತ್ತಿಗೆ ನೀವೇ ರೀಪ್ಯಾಕ್ ನಿಗದಿ ಮಾಡಿ. ಬಿಟ್‌ಮ್ಯಾಪ್ ಮತ್ತು ಕಮಿಟ್-ಗ್ರಾಫ್ (ಎಣಿಕೆಗೆ ನೆರವಾಗುವ ಸೂಚಿ ಫೈಲ್‌ಗಳು) ಬರೆಯಿಸಿದರೆ ಕೌಂಟಿಂಗ್ ಹಂತ ಗಮನಾರ್ಹವಾಗಿ ಕುಗ್ಗುತ್ತದೆ. ಆಫ್ ಮಾಡಿ ನಿಗದಿ ಮಾಡುವುದನ್ನು ಮರೆತರೆ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ರೆಫ್‌ಗಳು ಲಕ್ಷದ ಲೆಕ್ಕದಲ್ಲಿದ್ದರೆ ಪ್ರೊಟೊಕಾಲ್ 2 ನಿಜವಾಗಿ ಬಳಕೆಯಲ್ಲಿದೆಯೇ ನೋಡಿ. 2020ರ 2.26ರಿಂದ ಕ್ಲೈಂಟ್ ಅದನ್ನೇ ಕೇಳುತ್ತದೆ, ಆದರೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನ ‘ಆಕ್ಸೆಪ್ಟ್‌ಎನ್ವ್’ನಲ್ಲಿ ‘ಗಿಟ್_ಪ್ರೊಟೊಕಾಲ್’ ಸೇರಿಸದಿದ್ದರೆ ಆ ಕೋರಿಕೆ ಗಿಟ್‌ಗೆ ತಲುಪುವುದೇ ಇಲ್ಲ, ಹಳೆಯ ರೀತಿಯಲ್ಲಿ ಇಡೀ ಪಟ್ಟಿ ಹೋಗುತ್ತದೆ.

ಎನ್‌ಎಫ್‌ಎಸ್. ರೆಪೊ ಅದರ ಮೇಲಿದ್ದರೆ ಕರ್ನಲ್ ಲಾಗ್‌ನಲ್ಲಿ “ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್” ಎಂಬ ಸಾಲು ಹುಡುಕಿ. ಸಿಕ್ಕರೆ ಮುಂದಿನ ವಿಚಾರಣೆ ಸ್ಟೋರೇಜ್ ಕಡೆಗೆ.

ನಡುದಾರಿಯ ಎರಡು ಕಳ್ಳರು. ಮೊದಲನೆಯದು ಎಂಟಿಯು, ಅಂದರೆ ದಾರಿಯಲ್ಲಿ ಒಂದೇ ತುಂಡಾಗಿ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಚಿಕ್ಕ ಫೆಚ್ ಸರಿ, ದೊಡ್ಡದು ಮಾತ್ರ ನಿಲ್ಲುತ್ತದೆ, ಅದೂ ವಿಪಿಎನ್ ಒಳಗಿರುವವರಿಗೆ. ಎಸ್‌ಎಸ್‌ಎಚ್ ಆದರೆ ಕೀ ವಿನಿಮಯದ ಉತ್ತರಕ್ಕಾಗಿ ಕಾಯುತ್ತ ನಿಲ್ಲುತ್ತದೆ. ತುಂಡು ಮಾಡಬಾರದೆಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. ಹೆಡರ್ 28 ಸೇರಿದರೆ 1500. ಅದು ಹೋಗದೆ 1372 ಹೋದರೆ, ಮತ್ತು ದಾರಿ ಕಿರಿದಿದೆ ಎಂದು ಹೇಳುವ ಐಸಿಎಂಪಿ ಸಂದೇಶ ಹಿಂದಿರುಗದಿದ್ದರೆ, ಫೈರ್‌ವಾಲ್ ಅದನ್ನು ತಡೆಯುತ್ತಿದೆ. ತಡೆ ತೆಗೆಸಿ, ಇಲ್ಲವೇ ಟನೆಲ್‌ನಲ್ಲಿ ಎಂಎಸ್‌ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನ ಡೇಟಾ ಮಿತಿ) ತಗ್ಗಿಸಿ. ಎರಡನೆಯದು ಮೌನವಾದ ಸಂಪರ್ಕವನ್ನು ಮರೆತುಬಿಡುವ ಫೈರ್‌ವಾಲ್ ಅಥವಾ ನ್ಯಾಟ್ (ಒಳಗಿನ ಐಪಿಯನ್ನು ಹೊರಗಿನ ಐಪಿಗೆ ಬದಲಿಸುವ ಸಾಧನ). ಗಿಟ್ ಇದಕ್ಕಾಗಿಯೇ ಪ್ಯಾಕ್ ತಯಾರಾಗುವಾಗ ಡೀಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಖಾಲಿ ಪ್ಯಾಕೆಟ್ ಕಳಿಸುತ್ತದೆ, ಯಾರಾದರೂ ‘ಅಪ್‌ಲೋಡ್‌ಪ್ಯಾಕ್.ಕೀಪ್‌ಅಲೈವ್’ ಅನ್ನು 0 ಮಾಡಿದ್ದಾರೆಯೇ ನೋಡಿ. ಎಸ್‌ಎಸ್‌ಎಚ್ ಕ್ಲೈಂಟ್‌ನಲ್ಲಿ ‘ಸರ್ವರ್‌ಅಲೈವ್‌ಇಂಟರ್ವಲ್’ಗೆ 30 ಕೊಟ್ಟರೆ ಸತ್ತ ಸಂಪರ್ಕ ಗಂಟೆಗಟ್ಟಲೆ ನೇತಾಡುವುದಿಲ್ಲ.

ಹಳೆಯ ಮೆಷಿನ್‌ನಲ್ಲಿ ಸಬ್‌ವರ್ಶನ್ ಓಡುತ್ತಿದ್ದರೆ ಇದೊಂದನ್ನು ಮರೆಯಬೇಡಿ. ಲಾಗಿನ್‌ಗೆ ಬೇಕಾದ ಯಾದೃಚ್ಛಿಕ ಅಂಕಿಗಳನ್ನು ‘ಡೆವ್/ರ‍್ಯಾಂಡಮ್’ನಿಂದ ಓದುವಾಗ ಎಂಟ್ರೊಪಿ (ಕರ್ನಲ್ ಕೂಡಿಟ್ಟ ಯಾದೃಚ್ಛಿಕತೆ) ಸಾಲದಿದ್ದರೆ ಪ್ರೊಸೆಸ್ ಅಲ್ಲೇ ನಿಲ್ಲುತ್ತಿತ್ತು, ಯಾರಾದರೂ ಕೀಬೋರ್ಡ್ ಮುಟ್ಟಿದರೆ ಮುಂದುವರಿಯುತ್ತಿತ್ತು. 2020ರ ಲಿನಕ್ಸ್ 5.6ರಿಂದ ಈ ಕಾಟ ಇಲ್ಲ. ಅದಕ್ಕಿಂತ ಹಳೆಯ ಕರ್ನಲ್ ಆದರೆ ಸಬ್‌ವರ್ಶನ್ ಬಳಸುವ ಎಪಿಆರ್ ಲೈಬ್ರರಿಯನ್ನು ‘ಯುರ‍್ಯಾಂಡಮ್’ ಬಳಸುವಂತೆ ಕಟ್ಟಬೇಕು.

ಕೊನೆಗೆ ಒಂದು ಮನೆಮದ್ದಿನ ಬಗ್ಗೆ. ಎಲ್ಲ ಹ್ಯಾಂಗ್‌ಗೂ ‘ಎಚ್‌ಟಿಟಿಪಿ.ಪೋಸ್ಟ್‌ಬಫರ್’ ಹೆಚ್ಚಿಸಿ ಎನ್ನುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಅದರ ಡೀಫಾಲ್ಟ್ 1 ಮೆಬಿಬೈಟ್. ಅದನ್ನು ಮೀರಿದ ಪುಶ್ ಚಂಕ್‌ಗಳಾಗಿ ಹೋಗುತ್ತದೆ. ಚಂಕ್ ಅರ್ಥವಾಗದ ಹಳೆಯ ಪ್ರಾಕ್ಸಿ ನಡುವೆ ಇದ್ದರೆ ಮಾತ್ರ ಆ ಮದ್ದು ಕೆಲಸ ಮಾಡುತ್ತದೆ. ಉಳಿದ ಕಡೆ ಕ್ಲೈಂಟ್‌ನ ಮೆಮೊರಿ ತಿನ್ನುತ್ತದೆ.

ಹಂತ 6: ಸರಿಹೋಯಿತೆಂದು ಯಾವಾಗ ನಂಬಬೇಕು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಸಮಯವನ್ನು ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯದು. ಮುಂದೊಮ್ಮೆ ಯಾರೋ ಅಪ್‌ಗ್ರೇಡ್ ಮಾಡುವಾಗ ಬೇಕಾದ್ದನ್ನೇ ತೆಗೆದುಹಾಕುತ್ತಾರೆ.

ಆಗಾಗ ಬರುವ ತೊಂದರೆಯಲ್ಲಿ ಒಂದು ದಿನ ಶಾಂತವಾಗಿತ್ತು ಎಂಬುದು ಪುರಾವೆಯಾಗುವುದಿಲ್ಲ. ತಟ್ಟುವ ಸ್ಕ್ರಿಪ್ಟ್‌ನ ಹಳೆಯ ಲಾಗ್ ತೆರೆದು, ಎಷ್ಟು ಪ್ರಯತ್ನಕ್ಕೆ ಒಂದು ಹ್ಯಾಂಗ್ ಆಗುತ್ತಿತ್ತು ಎಂದು ಲೆಕ್ಕಹಾಕಿ. 200ಕ್ಕೆ ಒಂದು ಎಂದಿದ್ದರೆ, ಏನನ್ನೂ ಸರಿಪಡಿಸದಿದ್ದರೂ ಸತತ 200 ಪ್ರಯತ್ನಗಳು ಹ್ಯಾಂಗ್ ಇಲ್ಲದೆ ಸಾಗುವ ಸಾಧ್ಯತೆ ಮೂರರಲ್ಲೊಂದಕ್ಕಿಂತ ಹೆಚ್ಚಿದೆ. ಅದರ ಮೂರು ಪಟ್ಟು, ಅಂದರೆ 600 ಪ್ರಯತ್ನಗಳು ಒಂದೂ ನಿಲ್ಲದೆ ಮುಗಿದರೆ ಆ ಸಾಧ್ಯತೆ ಶೇಕಡಾ 5ಕ್ಕೆ ಇಳಿಯುತ್ತದೆ. ಅರ್ಧ ನಿಮಿಷಕ್ಕೊಂದರಂತೆ ಅದಕ್ಕೆ ಬೇಕಾಗುವುದು ಐದು ಗಂಟೆ, ಆದರೆ ಆ ಐದು ಗಂಟೆ ಹ್ಯಾಂಗ್ ಸಾಮಾನ್ಯವಾಗಿ ಕಾಣಿಸುತ್ತಿದ್ದ ದಟ್ಟಣೆಯ ಹೊತ್ತಿನದೇ ಆಗಿರಬೇಕು; ರಾತ್ರಿ ಓಡಿಸಿದ 600 ಲೆಕ್ಕಕ್ಕಿಲ್ಲ. ಹತ್ತು ಸೆಕೆಂಡ್ ಮೀರಿದಾಗ ಚಿತ್ರ ತೆಗೆಯುವ ಸ್ಕ್ರಿಪ್ಟನ್ನು ಆಮೇಲೂ ಹಾಗೆಯೇ ಬಿಡಿ, ಅದರ ಫೋಲ್ಡರ್ ತುಂಬದಂತೆ ಹಳೆಯ ಫೈಲ್‌ಗಳನ್ನು ಅಳಿಸುವ ಸಾಲೊಂದನ್ನು ಸೇರಿಸಿ.